ನರಕ್ಕೆ ಪದರ ಸುತ್ತುವುದು ಹೇಗೆ?

ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಬಡಿದದ್ದು ನೆನಪಿದೆಯಾ? ಮೊದಲು ಚುರಕ್ ಅನ್ನುತ್ತದೆ. ‘ಅಯ್ಯೋ’ ಅನ್ನುವಷ್ಟರಲ್ಲಿ, ಸುಮಾರು ಒಂದು ಸೆಕೆಂಡ್ ತಡವಾಗಿ, ಆ ಉರಿಯುವ, ಜಗ್ಗುವ ನೋವು ಬರುತ್ತದೆ. ಪೆಟ್ಟು ಒಂದೇ, ಸುದ್ದಿ ಎರಡು ಸಲ. ಯಾಕೆಂದರೆ ಸುದ್ದಿ ಬಂದದ್ದು ಎರಡು ಬಗೆಯ ನರದ ಎಳೆಗಳಲ್ಲಿ. ಒಂದಕ್ಕೆ ಮಯಲಿನ್ ಎಂಬ ಕೊಬ್ಬಿನ ಪದರ ತೆಳುವಾಗಿ ಸುತ್ತಿದೆ. ಅದರಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದಕ್ಕೆ ಸುತ್ತೇ ಇಲ್ಲ. ಅದರಲ್ಲಿ ಒಂದೆರಡು ಮೀಟರ್ ಅಷ್ಟೇ, ನಾವು ನಡೆಯುವ ವೇಗ. ದಪ್ಪಗೆ ಸುತ್ತಿದ ಎಳೆಗಳಲ್ಲಿ 100 ಮೀಟರ್ ದಾಟುವುದೂ ಉಂಟು.

ಎಳೆ ಅಂದರೆ ನರಕೋಶ ಚಾಚಿದ ಉದ್ದನೆಯ ಬಾಲ. ಈ ಪದರವನ್ನು ಎಳೆ ತಾನೇ ಮಾಡಿಕೊಳ್ಳುವುದಿಲ್ಲ. ಪಕ್ಕದ ಗ್ಲಿಯಾ ಕೋಶಗಳು ಬಂದು ಸುತ್ತುತ್ತವೆ. ಗ್ಲಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ನರಕೋಶಗಳನ್ನು ಹಿಡಿದಿಡುವ ಗೋಂದು ಅಂತ 19ನೇ ಶತಮಾನದಲ್ಲಿ ಇಟ್ಟ ಹೆಸರು. ಇಷ್ಟು ಕೆಲಸ ಮಾಡುವವಕ್ಕೆ ಅಂಟು ಅನ್ನುವುದು ಅನ್ಯಾಯವೇ ಸರಿ. ಕೈಕಾಲಿನ ನರಗಳಲ್ಲಿರುವ ಗ್ಲಿಯಾಗೆ ಶ್ವಾನ್ ಕೋಶ ಎನ್ನುತ್ತಾರೆ. ನಾಯಿ ನೆನಪಾಯಿತು ಅಲ್ವಾ? ಇದು 1839ರಲ್ಲಿ ಇವನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಥಿಯೋಡೋರ್ ಶ್ವಾನ್ ಹೆಸರು.

ಹೆಜ್ಜೆ 1: ಬೆನ್ನು ಹತ್ತುವುದು

ಭ್ರೂಣದಲ್ಲಿ ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಳ್ಳುವ ಹೊತ್ತಿಗೆ ಅದರ ಅಂಚಿನಿಂದ ಒಂದಷ್ಟು ಕೋಶಗಳು ಕಳಚಿಕೊಂಡು ಊರು ಬಿಡುತ್ತವೆ. ಇವು ನ್ಯೂರಲ್ ಕ್ರೆಸ್ಟ್ ಕೋಶಗಳು. ಇವುಗಳಲ್ಲಿ ಕೆಲವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಾಗುತ್ತವೆ, ಕೆಲವು ಶ್ವಾನ್ ಕೋಶಗಳಾಗುತ್ತವೆ.

ಮುಂದೆ ಹೋಗುವವರು ಯಾರು, ಎಳೆಯೋ ಗ್ಲಿಯಾನೋ? ಜೀಬ್ರಾ ಮೀನಿನ ಮರಿಯ ಮೈ ಗಾಜಿನ ಹಾಗೆ ಇರುವುದರಿಂದ ಇದನ್ನು ಬದುಕಿರುವಾಗಲೇ ನೋಡಬಹುದು. ಅದರ ಪಕ್ಕೆಯುದ್ದಕ್ಕೂ ಸಾಗುವ ನರದಲ್ಲಿ ಎಳೆ ಮುಂದೆ, ಗ್ಲಿಯಾ ಹಿಂದೆ. ಎಳೆ ದಾರಿ ತಪ್ಪಿದರೆ ಗ್ಲಿಯಾ ಕೂಡ ಅದರ ಬೆನ್ನಿಗೇ ತಪ್ಪು ದಾರಿ ಹಿಡಿಯುತ್ತದೆ. ಶ್ವಾನ ಎಂಬ ಹೆಸರು ಇಲ್ಲಿ ಸುಮ್ನೆ ಹೊಂದಿಬಿಡುತ್ತದೆ. ಆದರೆ ಹಣ್ಣಿನ ನೊಣದಲ್ಲಿ ಕಥೆ ಬೇರೆ. ನರ ಮೈಯೊಳಕ್ಕೆ ಹೊರಡುವ ಬಾಗಿಲಲ್ಲಿ ಗ್ಲಿಯಾ ಮೊದಲೇ ನಿಂತಿರುತ್ತದೆ. ಅದನ್ನು ತೆಗೆದುಬಿಟ್ಟರೆ ಎಳೆಗಳು ಬಾಗಿಲ ಬಳಿಯೇ ತಡವರಿಸುತ್ತವೆ.

ಇಲಿಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಎಳೆಯ ಸಂದೇಶ ಹಿಡಿಯಲು ಶ್ವಾನ್ ಕೋಶಕ್ಕೆ ಬೇಕಾದ ಇಆರ್‌ಬಿಬಿ3 ಎಂಬ ಪ್ರೋಟೀನ್ ಇಲ್ಲದ ಇಲಿಗಳವು. ಅವುಗಳ ನರಗಳಲ್ಲಿ ಶ್ವಾನ್ ಕೋಶವೇ ಇರಲಿಲ್ಲ. ಎಳೆಗಳು ಮೊದಮೊದಲು ಸರಿಯಾಗಿಯೇ ಹೊರಟವು. ಆಮೇಲೆ ಅವುಗಳ ನರಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಅಂದರೆ ಹಿಂದೆ ಬರುವವರು ಬುತ್ತಿ ಹೊತ್ತು ಬರುತ್ತಿದ್ದರು.

ಹೆಜ್ಜೆ 2: ಸಿಕ್ಕು ಬಿಡಿಸುವುದು

ಈಗ ಎಳೆಗಳು ದಪ್ಪ, ಸಣ್ಣ ಎಲ್ಲ ಸೇರಿ ಒಂದೇ ಕಂತೆಯಾಗಿವೆ. ಶ್ವಾನ್ ಕೋಶಗಳು ಕಂತೆಯೊಳಕ್ಕೆ ಬೆರಳಿನಂಥ ಚಾಚುಗಳನ್ನು ತೂರಿಸಿ, ತಲೆಗೂದಲ ಸಿಕ್ಕು ಬಿಡಿಸಿದ ಹಾಗೆ ಒಂದೊಂದೇ ದಪ್ಪ ಎಳೆಯನ್ನು ಬೇರೆ ಮಾಡುತ್ತವೆ. ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ಅದಕ್ಕಿಂತ ದಪ್ಪ ಇದ್ದ ಎಳೆಗೆ ಪದರ ಸಿಗುತ್ತದೆ. ಸಣ್ಣವು ಹಲವು ಸೇರಿ ಒಂದೇ ಶ್ವಾನ್ ಕೋಶದ ಮಡಿಲಲ್ಲಿ ಉಳಿಯುತ್ತವೆ. ಹೊಸ್ತಿಲಿನ ಆ ತಡವಾದ ನೋವನ್ನು ತಂದದ್ದು ಈ ಸಣ್ಣವೇ.

ಹೆಜ್ಜೆ 3: ಅಳತೆ ತೆಗೆದುಕೊಳ್ಳುವುದು

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಎಷ್ಟು ದಪ್ಪ ಸುತ್ತಬೇಕು ಅಂತ ಶ್ವಾನ್ ಕೋಶಕ್ಕೆ ತಿಳಿಯುವುದು ಹೇಗೆ? ದರ್ಜಿಗೆ ಗಿರಾಕಿಯ ಮೈಯೇ ಅಳತೆ. ಎಳೆಯ ಮೈಮೇಲೆ ನ್ಯೂರೆಗ್ಯುಲಿನ್-1 ಎಂಬ ಪ್ರೋಟೀನ್ ಇರುತ್ತದೆ. ಅದು ಜಾಸ್ತಿ ಇದ್ದರೆ ಪದರ ದಪ್ಪ, ಕಡಿಮೆ ಇದ್ದರೆ ತೆಳು. 2004ರಲ್ಲಿ ಜರ್ಮನಿಯ ಗಾಟಿಂಗೆನ್‌ನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ಏರಿಸಿ, ಇಳಿಸಿ ತೋರಿಸಿದರು.

ಸುತ್ತಲು ಶುರು ಮಾಡುವ ಮೊದಲು ಕೋಶದೊಳಗೆ ಕ್ರಾಕ್ಸ್-20 ಎಂಬ ಸ್ವಿಚ್ ಆನ್ ಆಗಬೇಕು. ಅದಿಲ್ಲದ ಇಲಿಗಳಲ್ಲಿ ಶ್ವಾನ್ ಕೋಶ ಒಂದೂವರೆ ಸುತ್ತು ಹಾಕಿ ಕೈ ಬಿಟ್ಟುಬಿಡುತ್ತದೆ.

ಹೆಜ್ಜೆ 4: ಸುತ್ತುವುದು

ಈ ಪದರ ಶ್ವಾನ್ ಕೋಶದ ಸ್ವಂತ ಪೊರೆಯೇ, ಸುರುಳಿ ಸುತ್ತಿಕೊಂಡದ್ದು ಅಂತ ಗೊತ್ತಾದದ್ದು 1954ರಲ್ಲಿ. ಬೆಟ್ಟಿ ಗೆರೆನ್ ಎಂಬ ಅಮೆರಿಕದ ವಿಜ್ಞಾನಿ ಕೋಳಿ ಭ್ರೂಣದ ನರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು. ಅಡ್ಡ ಕತ್ತರಿಸಿದರೆ ಥೇಟ್ ಪತ್ರೊಡೆಯ ಹೋಳು.

ಒಂದು ವ್ಯತ್ಯಾಸ ಇದೆ. ಪತ್ರೊಡೆಯನ್ನೋ ಪೇಟವನ್ನೋ ಸುತ್ತುವಾಗ ಹೊಸ ಸುತ್ತು ಹೊರಗೆ ಬೀಳುತ್ತದೆ. ಇಲ್ಲಿ ಉಲ್ಟಾ. ಹೊರತುದಿ ಇದ್ದಲ್ಲೇ ಇರುತ್ತದೆ. ಒಳತುದಿ ನಾಲಗೆಯ ಹಾಗೆ ಎಳೆಗೂ ಹಳೆಯ ಸುತ್ತಿಗೂ ನಡುವೆ ನುಗ್ಗುತ್ತಾ ತಿರುಗುತ್ತದೆ. ಸುತ್ತುಗಳ ನಡುವಿನ ರಸವೆಲ್ಲ ಹಿಂಡಿ ಹೋಗಿ, ಪೊರೆಗೆ ಪೊರೆ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಸುವುದು ಮುಖ್ಯವಾಗಿ ಪಿ-ಜೀರೋ ಎಂಬ ಪ್ರೋಟೀನ್. ಅಂಟು ಅನ್ನುವ ಹೆಸರನ್ನು ಇದಕ್ಕೆ ಕೊಡಬಹುದಿತ್ತು.

ಹೆಜ್ಜೆ 5: ಸಂದು ಬಿಡುವುದು

ಒಂದು ಶ್ವಾನ್ ಕೋಶ ಒಂದೇ ತುಂಡು ಸುತ್ತುತ್ತದೆ, ದೊಡ್ಡವರ ದಪ್ಪ ಎಳೆಗಳಲ್ಲಿ ಒಂದು ಮಿಲಿಮೀಟರಿನಷ್ಟು. ಎರಡು ತುಂಡುಗಳ ನಡುವೆ ಒಂದು ಮೈಕ್ರಾನ್ ಆಸುಪಾಸಿನ ಬರಿ ಜಾಗ. ಫ್ರಾನ್ಸಿನ ರಾನ್ವಿಯೆ ಗುರುತಿಸಿದ ಸಂದು ಇದು. ಸುದ್ದಿ ಸಂದಿನಿಂದ ಸಂದಿಗೆ ಹಾರುತ್ತದೆ.

ಮಗು ಹುಟ್ಟಿದಾಗ ಈ ಕೆಲಸ ಮುಗಿದಿರುವುದಿಲ್ಲ. ನರದ ವೇಗ ಅಳೆಯುವ ಎನ್‌ಸಿವಿ ಪರೀಕ್ಷೆ ಮಾಡಿದರೆ ಹಸುಗೂಸಿನಲ್ಲಿ ದೊಡ್ಡವರ ಅರ್ಧದಷ್ಟು ವೇಗ ಕಾಣುತ್ತದೆ. ಸರಿಸುಮಾರು 3ರಿಂದ 5 ವರ್ಷಕ್ಕೆ ದೊಡ್ಡವರ ಮಟ್ಟ ಮುಟ್ಟುತ್ತದೆ. ಕೈಕಾಲು ಉದ್ದವಾದ ಹಾಗೆ ತುಂಡುಗಳ ಲೆಕ್ಕ ಏರುವುದಿಲ್ಲ, ಇದ್ದವೇ ಉದ್ದವಾಗುತ್ತವೆ.

ಕೆಟ್ಟರೆ? ಕತ್ತರಿಸಿದರೆ?

ಕುಷ್ಠರೋಗದ ಬ್ಯಾಕ್ಟೀರಿಯಾ ಮನೆ ಮಾಡುವುದು ಇದೇ ಶ್ವಾನ್ ಕೋಶದೊಳಗೆ. ಮಚ್ಚೆ ಇರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು ಅದಕ್ಕೇ.

ನರ ಕತ್ತರಿಸಿದಾಗ ಆಗುವುದು ಇನ್ನೂ ವಿಚಿತ್ರ. ಗಾಯದಿಂದ ಆಚೆಗಿನ ಎಳೆ ಸಾಯುತ್ತದೆ. ಶ್ವಾನ್ ಕೋಶಗಳು ಸಾಯುವುದಿಲ್ಲ. ತಾವೇ ಸುತ್ತಿದ ಪದರವನ್ನು ಒಡೆದು, ಹಳೆಯ ಜಾಗದಲ್ಲೇ ಸಾಲಾಗಿ ನಿಂತು, ಹೊಸ ಎಳೆಗೆ ದಾರಿ ಹಾಸುತ್ತವೆ. ಭ್ರೂಣದಲ್ಲಿ ಹಿಂದೆ ಬಂದಿದ್ದ ನಾಯಿ ಈಗ ಮುಂದೆ, ಯಜಮಾನ ಹಿಂದೆ. ಯಜಮಾನರ ನಡಿಗೆ ಮಾತ್ರ ನಿಧಾನ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈ ಬಳಿ ತುಂಡಾದ ನರ ಬೆರಳ ತುದಿ ಮುಟ್ಟಬೇಕಾದರೆ ಒಂದು ಮೊಳ ಬೆಳೆಯಬೇಕು, ಅಂದರೆ ಒಂದು ವರ್ಷಕ್ಕೂ ಜಾಸ್ತಿ. ಆಮೇಲೆ ಸುತ್ತುವ ಕೆಲಸ ಮತ್ತೆ ಶುರು. ಈ ಸಲದ ಪದರ ಮೊದಲಿಗಿಂತ ತೆಳು, ತುಂಡುಗಳೂ ಗಿಡ್ಡ.