ಬಿಚ್ಚದ ಸೆಂಟ್ರಿಂಗ್: ಥರ್ಮಾಕೋಲ್ ಗೋಡೆಯೊಂದಿಗೆ ನನ್ನ ಅನುಭವ

ನಾನು ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ ಮನೆಗಳಿಗೆ ಪಾಯ ಹಾಕುವ ಗುತ್ತಿಗೆದಾರ. ಇಲ್ಲಿ ಪಾಯವೆಂದರೆ ನೆಲಮಾಳಿಗೆಯ ಗೋಡೆಯೇ. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವುದರಿಂದ ಫುಟಿಂಗ್, ಅಂದರೆ ಗೋಡೆಯ ಅಡಿಗೆ ಹಾಕುವ ಅಗಲದ ಕಾಂಕ್ರೀಟ್ ಪಟ್ಟಿ, ಕನಿಷ್ಠ ನಾಲ್ಕಡಿ ಆಳದಲ್ಲಿರಬೇಕು. ಅಷ್ಟು ಅಗೆದ ಮೇಲೆ ಇನ್ನೊಂದಿಷ್ಟು ಅಗೆದು ಒಂದು ಮಹಡಿಯನ್ನೇ ನೆಲದೊಳಗೆ ಕೂರಿಸಿಬಿಡುತ್ತಾರೆ. ಹನ್ನೊಂದು ವರ್ಷ ಈ ಗೋಡೆಗಳನ್ನು ಅಲ್ಯುಮಿನಿಯಂ ಹಲಗೆ ನಿಲ್ಲಿಸಿಯೇ ಕಟ್ಟಿದೆ. ಊರಿನವರಿಗೆ ಅರ್ಥವಾಗುವಂತೆ ಹೇಳಿದರೆ, ಸೆಂಟ್ರಿಂಗ್ ಕೆಲಸ.

ಈ ಕೆಲಸದಲ್ಲಿ ದುಡ್ಡು ಸೋರುವುದು ಕಾಂಕ್ರೀಟ್ ಹಾಕುವ ದಿನ ಅಲ್ಲ, ಹಲಗೆ ಬಿಚ್ಚುವ ದಿನ. ಒಂದು ಏಪ್ರಿಲ್‌ನಲ್ಲಿ ಗೋಡೆ ಮುಗಿದ ಮರುದಿನವೇ ಹಿಡಿದ ಮಳೆ ಐದು ದಿನ ಬಿಡಲಿಲ್ಲ. ಅಗೆದ ಗುಂಡಿಯಲ್ಲಿ ಮೊಣಕಾಲುದ್ದ ಕೆಸರು. ಹಲಗೆಗಳೆಲ್ಲ ಅಲ್ಲಿ ಸಿಕ್ಕಿಕೊಂಡಿವೆ, ಇಲ್ಲಿ ಮುಂದಿನ ಮನೆಯವರು ಫುಟಿಂಗ್ ಮುಗಿಸಿಕೊಂಡು ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದಾರೆ. ಕೊನೆಗೆ ಬಿಚ್ಚಿ, ಅಂಟಿದ್ದನ್ನು ಕೆರೆದು, ಎಣ್ಣೆ ಬಳಿದು ಲಾರಿಗೆ ಏರಿಸುವಷ್ಟರಲ್ಲಿ ನಾಲ್ಕು ಆಳಿನ ಇಡೀ ದಿನ ಹೋಯಿತು. ಆ ದಿನಕ್ಕೆಂದು ಯಾರೂ ದುಡ್ಡು ಕೊಡುವುದಿಲ್ಲ. ಮನೆಯೊಡೆಯರ ಲೆಕ್ಕದಲ್ಲಿ ಗೋಡೆ ಆಗಲೇ ಎದ್ದಾಗಿದೆ.

ಆ ವರ್ಷವೇ ನಾನು ಐಸಿಎಫ್ ಕಡೆಗೆ ತಿರುಗಿದೆ. ಪೂರ್ತಿ ಹೆಸರು ಇನ್ಸುಲೇಟೆಡ್ ಕಾಂಕ್ರೀಟ್ ಫಾರಂ. ಎರಡೂವರೆ ಇಂಚಿನ ಆಸುಪಾಸಿನ ದಪ್ಪದ ಎರಡು ಥರ್ಮಾಕೋಲ್ ಫಲಕಗಳು, ಅವನ್ನು ಹಿಡಿದಿಡುವ ಪ್ಲಾಸ್ಟಿಕ್ ಕಟ್ಟುಗಳು, ನಡುವೆ ಕಾಂಕ್ರೀಟಿಗೆ ಖಾಲಿ ಜಾಗ. ಸಾಮಾನ್ಯ ಬ್ಲಾಕ್ ನಾಲ್ಕಡಿ ಉದ್ದ, ಹದಿನಾರು ಇಂಚು ಎತ್ತರ. ಒಂದೇ ಕೈಯಲ್ಲಿ ಎತ್ತಬಹುದು. ಒಂದರ ಮೇಲೊಂದು ಕೂರಿಸಿ, ವರಸೆ ವರಸೆಗೆ ಕಂಬಿ ಇಟ್ಟು, ಒಳಗೆ ಕಾಂಕ್ರೀಟ್ ಸುರಿದರೆ ಆಯಿತು, ಬಿಚ್ಚುವುದೇ ಇಲ್ಲ. ಉಪಾಯವೂ ಈ ದೇಶದ ಗುತ್ತಿಗೆದಾರನೊಬ್ಬನದೇ. ವೆರ್ನರ್ ಗ್ರೆಗೋರಿ ಎಂಬಾತ 1966ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಲೆಗೊ ಆಟದ ಹಾಗೆ ಎಂದು ಮಾರುವವರು ಹೇಳುತ್ತಾರೆ. ಲೆಗೊ ಒಳಗೆ ಯಾರೂ ಇಪ್ಪತ್ತೈದು ಘನ ಮೀಟರ್ ಕಾಂಕ್ರೀಟ್ ಸುರಿಯುವುದಿಲ್ಲ.

ನನ್ನ ಅಪ್ಪ ಹಾಸನದಲ್ಲಿ ಮೇಸ್ತ್ರಿಯಾಗಿದ್ದವರು, ಸೈಜುಗಲ್ಲಿನ ಪಾಯದಲ್ಲಿ ಪಳಗಿದ ಕೈ. ಮೊದಲ ಬಾರಿ ಮೊಬೈಲಿನಲ್ಲಿ ತೋರಿಸಿದಾಗ, "ಟಿವಿ ಡಬ್ಬದೊಳಗೆ ಬರುವ ಥರ್ಮಾಕೋಲ್ ಅಲ್ಲವೇನೋ ಅದು?" ಎಂದರು.

"ಅದೇ ಅಪ್ಪ, ಸ್ವಲ್ಪ ಗಟ್ಟಿಯದು."

"ಗೋಡೆ ನಿಲ್ಲುತ್ತದೆಯೋ?"

"ನಿಲ್ಲುವುದು ಕಾಂಕ್ರೀಟು. ಇದು ಅದರ ಅಂಗಿ."

ಅವರಿಗೆ ಸಮಾಧಾನವಾಗಲಿಲ್ಲ. ಮೊದಲ ಮನೆಯಲ್ಲಿ ನನಗೂ ಆಗಲಿಲ್ಲ.

ಆ ಮನೆಯ ಸುತ್ತಳತೆ 140 ಅಡಿ. ಏಳು ವರಸೆ, 245 ಬ್ಲಾಕ್. ಫುಟಿಂಗ್ ಒಂದು ಮೂಲೆಯಿಂದ ಎದುರು ಮೂಲೆಗೆ ಮುಕ್ಕಾಲು ಇಂಚು ಇಳಿದಿತ್ತು. ಅಲ್ಯುಮಿನಿಯಂ ಹಲಗೆಯಾದರೆ ಅದನ್ನು ಹೇಗೋ ನುಂಗಿಕೊಳ್ಳುತ್ತದೆ. ಬ್ಲಾಕ್ ನುಂಗುವುದಿಲ್ಲ, ಕೆಳಗಿನ ತಪ್ಪನ್ನು ವರಸೆ ವರಸೆಗೂ ಹೊತ್ತುಕೊಂಡು ಮೇಲೇರುತ್ತದೆ, ಮೂರನೆಯ ವರಸೆಗೆ ಮೂಲೆಯಲ್ಲಿ ಸಂದು ಬಾಯಿ ಬಿಡುತ್ತದೆ. ಎಲ್ಲ ಕೆಡವಿ, ಕೆಳಗಿನ ವರಸೆಯನ್ನು ಕೊಯ್ದು ಮಟ್ಟಕ್ಕೆ ತರುವಾಗ ಅರ್ಧ ದಿನ ಹೋಯಿತು. ಈಗ ಲೇಸರ್ ಇಟ್ಟು ನೋಡಿ, ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ಲಾಕಿನ ಕಟ್ಟನ್ನೇ ಬಿಚ್ಚುವುದಿಲ್ಲ.

ಕಾಂಕ್ರೀಟ್ ದಿನ ಇನ್ನೊಂದು ಪಾಠ. ಪಂಪಿನವನು ಎರಡನೆಯ ಸುತ್ತಿನಲ್ಲಿದ್ದ. ಒಂದು ಕಿಟಕಿಯ ಪಕ್ಕ ಅಳತೆ ಹೊಂದಲಿಲ್ಲವೆಂದು ಬ್ಲಾಕ್ ಕತ್ತರಿಸಿ ಸೇರಿಸಿದ್ದೆವು. ಅಲ್ಲಿ ಪ್ಲಾಸ್ಟಿಕ್ ಕಟ್ಟುಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಉಳಿದುಹೋಗಿತ್ತು. ಮೊದಲು ಥರ್ಮಾಕೋಲ್ ಹೊಟ್ಟೆ ಉಬ್ಬಿಸಿತು. ನಾನು ಕೈ ಎತ್ತಿ ಪಂಪ್ ನಿಲ್ಲಿಸುವಷ್ಟರಲ್ಲಿ ಫಲಕ ಸೀಳಿ ಬೂದುಬಣ್ಣದ ರಾಡಿ ನನ್ನ ಬೂಟಿನ ಮೇಲೆ ಬಿತ್ತು. ಹುಡುಗರು ಗಾಬರಿಯಾದರು. ಮಾಡಬೇಕಾದ್ದು ಇಷ್ಟೇ: ಉಬ್ಬಿದ ಜಾಗದ ಕಾಂಕ್ರೀಟ್ ತೋಡಿ ತೆಗೆದು, ತುಂಡನ್ನು ವಾಪಸ್ ಒತ್ತಿ, ಮೇಲೆ ಪ್ಲೈವುಡ್ ಇಟ್ಟು ಅಕ್ಕಪಕ್ಕದ ಪ್ಲಾಸ್ಟಿಕ್ ಕಟ್ಟುಗಳಿಗೇ ಸ್ಕ್ರೂ ಹೊಡೆಯುವುದು. ಥರ್ಮಾಕೋಲಿಗೆ ಹೊಡೆದ ಸ್ಕ್ರೂ ಏನನ್ನೂ ಹಿಡಿಯುವುದಿಲ್ಲ. ಹದಿನೈದು ನಿಮಿಷದಲ್ಲಿ ಮುಗಿಯಿತು. ಈಗ ಕೊಯ್ದ ಜಾಗಕ್ಕೆಲ್ಲ ಹಿಂದಿನ ದಿನವೇ ಪ್ಲೈವುಡ್ ಪಟ್ಟಿ ಬಿದ್ದಿರುತ್ತದೆ.

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ. ಒಂಬತ್ತಡಿ ಗೋಡೆಯನ್ನು ಒಂದೇ ಉಸಿರಿಗೆ ತುಂಬಿದರೆ ಕೆಳಗಿನ ವರಸೆ ಸಿಡಿಯುವುದು ಸಹಜ. ಮೂರು ನಾಲ್ಕಡಿ ತುಂಬಿ ಮನೆಯನ್ನು ಸುತ್ತು ಹಾಕಬೇಕು. ತಿರುಗಿ ಬರುವ ಹೊತ್ತಿಗೆ ಕೆಳಗಿನದು ಬಿಗಿಯತೊಡಗಿರುತ್ತದೆ. ಸಣ್ಣ ಜಲ್ಲಿ, ಆರು ಇಂಚಿನ ಆಸುಪಾಸಿನ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ), ಕಾಂಕ್ರೀಟನ್ನು ಅದುರಿಸಿ ಕೂರಿಸಲು ತೆಳು ತಲೆಯ ವೈಬ್ರೇಟರ್. ಒಳಗೆ ಏನಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಆಮೇಲೂ ಕಾಣುವುದಿಲ್ಲ. ನಾನು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಗೋಡೆಯನ್ನು ತಟ್ಟುತ್ತಾ ನಡೆಯುತ್ತೇನೆ. ತುಂಬಿದ ಕಡೆ ಶಬ್ದ ಮಂಕು, ಟೊಳ್ಳಿನ ಕಡೆ ಡಬ್ಬದ ಹಾಗೆ. ಕಂಬಿ ದಟ್ಟವಾಗಿರುವ ಕಿಟಕಿಯ ತಲೆ, ಕಿಟಕಿಯ ಕೆಳಭಾಗ, ಈ ಎರಡು ಕಡೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಗೆ ಮೇಲ್ಗಡೆ ಮೂಲೆಯಿಂದ ಮೂಲೆಗೆ ಕಟ್ಟಿದ ದಾರ ನೋಡಿ, ಒಳಗಿನ ಆನಿಕೆಗಳ ತಿರುಪು ತಿರುಗಿಸಿ ಗೋಡೆಯನ್ನು ನೆಟ್ಟಗೆ ಮಾಡುತ್ತೇವೆ. ಕಾಂಕ್ರೀಟ್ ಬಿಗಿದುಕೊಳ್ಳುವ ಮೊದಲು ಇದಕ್ಕೆ ಸಿಗುವ ಸಮಯ ಕಡಿಮೆ. ಊಟಕ್ಕೆ ಹೋಗುವವರು ಇದಾದ ಮೇಲೆ ಹೋಗಬೇಕು.

ದುಡ್ಡಿನ ಮಾತು. ಬ್ಲಾಕಿನ ಬೆಲೆ ಸೇರಿಸಿದರೆ ನನ್ನ ಗೋಡೆ ಬರೀ ಕಾಂಕ್ರೀಟ್ ಗೋಡೆಗಿಂತ ದುಬಾರಿಯೇ. ಆದರೆ ಬರೀ ಗೋಡೆ ಕಟ್ಟಿಸಿದವರು ಆಮೇಲೆ ಒಳಗಡೆ ಮರದ ಚೌಕಟ್ಟು ಹೊಡೆಸಬೇಕು, ಚಳಿ ತಡೆಯುವ, ಹತ್ತಿಯಂಥ ಪದರ ತುಂಬಿಸಬೇಕು. ನನ್ನ ಗೋಡೆಯಲ್ಲಿ ಚಳಿಗೆ ತಡೆ ಆರ್-22ರ ಆಸುಪಾಸು (ಆರ್ ಎಂದರೆ ಬಿಸಿ ಸೋರದಂತೆ ತಡೆಯುವ ಶಕ್ತಿಯ ಅಳತೆ) ಆಗಲೇ ಸೇರಿದೆ, ಜಿಪ್ಸಮ್ ಬೋರ್ಡನ್ನು ನೇರವಾಗಿ ಪ್ಲಾಸ್ಟಿಕ್ ಕಟ್ಟಿಗೆ ಹೊಡೆಯಬಹುದು. ಮೂವರು ಕೊಡುವ ಬಿಲ್ ನನ್ನ ಒಂದೇ ಬಿಲ್ಲಿನಲ್ಲಿದೆ. ಇದನ್ನು ಕೊಟೇಶನ್ನಿನ ಮೊದಲ ಸಾಲಿನಲ್ಲೇ ಬರೆಯಲು ಕಲಿಯದೆ ನಾನು ಎರಡು ಕೆಲಸ ಕಳೆದುಕೊಂಡೆ. ನನ್ನ ಕಡೆಯ ಲಾಭ ಬೇರೆ: ಐವರ ತಂಡ ಮೂವರಿಗೆ ಇಳಿಯಿತು, ಭಾರದ ಹಲಗೆ ಹೊತ್ತು ಸೊಂಟ ಹಿಡಿದುಕೊಳ್ಳುವುದು ನಿಂತಿತು, ಎರಡನೆಯ ಲಾರಿ ಪ್ರಯಾಣ ತಪ್ಪಿತು.

ಚಳಿಗಾಲವೂ ಸ್ವಲ್ಪ ಕೈಗೆ ಬಂತು. ಕಾಂಕ್ರೀಟ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಎರಡೂ ಬದಿಯ ಥರ್ಮಾಕೋಲ್ ಅದನ್ನು ಹಿಡಿದಿಡುತ್ತದೆ. ಗೋಡೆಯ ತೆರೆದ ತಲೆಯ ಮೇಲೆ ದಪ್ಪ ಕಂಬಳಿ ಹೊದೆಸಿದರೆ ಡಿಸೆಂಬರಿನಲ್ಲೂ ಕೆಲಸ ನಡೆಯುತ್ತದೆ. ಫುಟಿಂಗ್ ಕೆಳಗಿನ ಮಣ್ಣು ಮಾತ್ರ ಹೆಪ್ಪುಗಟ್ಟಿರಬಾರದು, ಅಲ್ಲಿ ಯಾವ ಅಂಗಿಯೂ ಉಳಿಸುವುದಿಲ್ಲ.

ಕಿರಿಕಿರಿಗಳಿಲ್ಲವೇ? ಇವೆ. ಒಮ್ಮೆ ನೀರು ತಡೆಯಲೆಂದು ನನ್ನ ಹುಡುಗನೊಬ್ಬ ಹಳೆಯ ಡಬ್ಬದ ಟಾರು ಬಳಿದ. ಅದರಲ್ಲಿದ್ದ ದ್ರಾವಕ ಥರ್ಮಾಕೋಲನ್ನು ಸಕ್ಕರೆಯ ಹಾಗೆ ಕರಗಿಸಿತು. ಈಗ ಅಂಟಿಸುವ ಹಾಳೆ ಮಾತ್ರ. ನೀರಿನ ಕೊಳವೆಗೆ ತೂತು ಬಿಡುವುದನ್ನು ಮರೆತರೆ ಆಮೇಲೆ ಎಂಟಿಂಚು ಕಾಂಕ್ರೀಟ್ ಕೊರೆಸುವ ಖರ್ಚು ನಿಮ್ಮದೇ. ಒಳಗಿನ ಥರ್ಮಾಕೋಲನ್ನು ಬೆಂಕಿಯ ಭಯಕ್ಕೆ ಜಿಪ್ಸಮ್ ಬೋರ್ಡಿನಿಂದ ಮುಚ್ಚಲೇಬೇಕು; ಇದನ್ನು ಮನೆಯವರಿಗೆ ಬರೆದು ಕೊಡುತ್ತೇನೆ. ಬಿಸಿ ಬೇಕಿಲ್ಲದ ಗ್ಯಾರೇಜಿನ ಪಾಯಕ್ಕೆ ಇಂದಿಗೂ ಅಲ್ಯುಮಿನಿಯಂ ಹಲಗೆಯನ್ನೇ ಒಯ್ಯುತ್ತೇನೆ.

ಹೋದ ವರ್ಷ ಹಾಸನದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣ, ನನ್ನ ಮನೆಯ ಪಾಯಕ್ಕೂ ಅದನ್ನೇ ಹಾಕಿಸಲೇ?" ಎಂದು ಕೇಳಿದ. ಬೇಡ ಎಂದೆ. ಅಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ, ಬಿಸಿ ಮಾಡಬೇಕಾದ ನೆಲಮಾಳಿಗೆಯೂ ಇಲ್ಲ. ಗೆದ್ದಲಿಗೆ ಥರ್ಮಾಕೋಲ್ ಆಹಾರವಲ್ಲ, ಆದರೆ ಅದರೊಳಗೆ ಸುರಂಗ ಕೊರೆದುಕೊಂಡು ಯಾರ ಕಣ್ಣಿಗೂ ಬೀಳದೆ ಬಾಗಿಲಿನ ಚೌಕಟ್ಟಿಗೆ ಹತ್ತಬಲ್ಲದು. ಸೈಜುಗಲ್ಲೇ ಹಾಕಿಸು, ಅಪ್ಪನನ್ನು ಒಮ್ಮೆ ಕರೆದು ಮಟ್ಟ ತೋರಿಸು, ಉಳಿದ ದುಡ್ಡಿನಲ್ಲಿ ತಾರಸಿಯ ಬಿಸಿಲು ತಡೆಯಲು ಏನಾದರೂ ಮಾಡಿಸು ಎಂದೆ.