ಆಲಿಸ್‌ಳನ್ನು ದೊಡ್ಡವರಾಗಿ ಓದುವ ಬಗೆ

ಚಿಕ್ಕಂದಿನಲ್ಲಿ ಓದಿದ ಆಲಿಸ್‌ಳ ಕಥೆಯನ್ನು ಈಗ ಗೆಳೆಯರ ಗುಂಪು ಕಟ್ಟಿಕೊಂಡು ಮತ್ತೆ ಓದುವುದಾದರೆ, ಮೊದಲು ಪ್ರತಿ ನೋಡಿಕೊಳ್ಳಿ. ಲೂಯಿಸ್ ಕ್ಯಾರಲ್‌ನ 1865ರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನಲ್ಲಿ 12 ಅಧ್ಯಾಯಗಳಿವೆ, ಮಕ್ಕಳ ಸಂಕ್ಷಿಪ್ತ ಪ್ರತಿಗಳಲ್ಲಿ ಪದ್ಯಗಳಿಗೇ ಮೊದಲು ಕತ್ತರಿ ಬೀಳುವುದು. ಮುದ್ರಣಗಳು ಬೇರೆಬೇರೆ, ಹಾಗಾಗಿ ಪುಟಸಂಖ್ಯೆ ಬಿಟ್ಟು ಅಧ್ಯಾಯದ ಲೆಕ್ಕದಲ್ಲೇ ಮಾತಾಡಿ.

ವಾರಕ್ಕೆ 3 ಅಧ್ಯಾಯ, 4 ಭಾನುವಾರ. ಆರೆಂಟು ಜನ ಸಾಕು. ಹೆಚ್ಚಾದರೆ ಇಬ್ಬರೇ ಮಾತಾಡಿ ಉಳಿದವರು ಮೊಬೈಲ್ ತೆಗೆಯುತ್ತಾರೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು ಗೊತ್ತಲ್ಲ, ಸಂಜೆ ಆರೂವರೆಗೆ ಮೊದಲು ಯಾರನ್ನೂ ಕರೆಯಬೇಡಿ.

‘ಆಗ ಎಷ್ಟು ಚಂದ ಇತ್ತು’ ಎಂಬ ಹಳಹಳಿಕೆಗೆ ಹತ್ತು ನಿಮಿಷ, ಅಷ್ಟೇ. 7ನೇ ಅಧ್ಯಾಯದ ಚಹಾಕೂಟವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ: ಆಲಿಸ್, ಟೋಪಿಯವ, ಮೊಲ, ತೂಕಡಿಸುವ ಡಾರ್‌ಮೌಸ್ (ಇಲಿಯಂಥ ಪುಟ್ಟ ಪ್ರಾಣಿ), ಜೊತೆಗೊಬ್ಬ ನಿರೂಪಕ. ಅಲ್ಲಿ ಹೊತ್ತು ಸದಾ ಆರು ಗಂಟೆಯೇ. ಚಹಾದ ಕಪ್ ತೊಳೆಯಲೂ ಪುರುಸೊತ್ತಿಲ್ಲ. ನೌಕರಿ ಮಾಡುವವರಿಗೆ ಇದು ಬೇಗ ತಟ್ಟುತ್ತದೆ. ಕೊನೆಯ ವಾರ, ನ್ಯಾಯಾಲಯದ ವಿಚಾರಣೆಯಲ್ಲಿ ರಾಣಿ ತೀರ್ಪಿಗೂ ಮೊದಲೇ ಶಿಕ್ಷೆ ಕೇಳುವಲ್ಲಿ ಓದು ನಿಲ್ಲಿಸಿ, ಮೌನವಾಗಿದ್ದವರಿಂದಲೇ ಚರ್ಚೆ ಶುರುಮಾಡಿಸಿ.