ಘಟ್ಟ ಇಳಿಯುವ ಸಣ್ಣ ಕಾರಿಗೆ ಒಳ್ಳೆಯ ಬ್ರೇಕ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮುಳ್ಳಯ್ಯನಗಿರಿಯ ಶಿಖರ ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ನಾಲ್ಕು ಜನ ಕುಳಿತ, ಒಟ್ಟು 1,200 ಕಿಲೊ ತೂಗುವ ಸಣ್ಣ ಕಾರೊಂದು ಗಿರಿಯ ಮೇಲಿನಿಂದ ಪೇಟೆ ಸೇರುವಷ್ಟರಲ್ಲಿ 800 ಮೀಟರಿನಷ್ಟು ಕೆಳಗಿಳಿದಿರುತ್ತದೆ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 94 ಲಕ್ಷ ಜೂಲ್. ಅದೇ ಕಾರನ್ನು ಬಯಲು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಬ್ರೇಕಿನ ಪಾಲಿಗೆ ಬರುವುದು ಸುಮಾರು 3 ಲಕ್ಷ ಜೂಲ್. ಅಂದರೆ, ಒಂದು ಸಲ ಗಿರಿ ಇಳಿಯುವುದೂ 80 ಕಿ.ಮೀ. ವೇಗದಿಂದ ಬಿಡುವಿಲ್ಲದೆ 30 ಬಾರಿ ನಿಲ್ಲಿಸುವುದೂ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಗಾಳಿ, ಟಯರು ಮತ್ತು ಎಂಜಿನ್ ಇದರಲ್ಲಿ ಒಂದು ಭಾಗವನ್ನು ಹೊತ್ತುಕೊಳ್ಳುತ್ತವೆ. ಉಳಿದದ್ದೆಲ್ಲ ಮುಂದಿನ ಎರಡು ಡಿಸ್ಕ್ ಮತ್ತು ಹಿಂದಿನ ಎರಡು ಡ್ರಮ್ಮುಗಳಲ್ಲಿ ಬಿಸಿಯಾಗಿ ಕೂರುತ್ತದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಾರು ಇಟ್ಟುಕೊಂಡವರು ಬ್ರೇಕ್ ಸುಧಾರಿಸಬೇಕೆಂದು ಹೊರಟಾಗ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಈ ಲೆಕ್ಕವನ್ನು. ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಗುಂಡ್ಯದವರೆಗೆ ಇಳಿಯುವವರಿಗೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳಲ್ಲಿ ಉಜಿರೆಯ ಕಡೆಗೆ ಹೋಗುವವರಿಗೂ ಎದುರಾಗುವ ತೊಂದರೆ ಒಂದೇ: ಮೊದಲ ಕೆಲವು ತಿರುವುಗಳಲ್ಲಿ ಚೆನ್ನಾಗಿ ಹಿಡಿದ ಬ್ರೇಕ್ ಆಮೇಲಾಮೇಲೆ ಸಡಿಲಾಗುತ್ತದೆ. ಆದ್ದರಿಂದ ನಾವು ದುಡ್ಡು ಕೊಟ್ಟು ಪಡೆಯಬೇಕಾದದ್ದು ಬಿಸಿಯನ್ನು ತಾಳುವ ಗುಣವನ್ನು. ಒಮ್ಮೆ ಒತ್ತಿದಾಗ ಸಿಗುವ ಬಿಗಿ ಹೆಚ್ಚಿನ ಸಣ್ಣ ಕಾರುಗಳಲ್ಲಿ ಈಗಾಗಲೇ ಸಾಕಷ್ಟಿರುತ್ತದೆ.

ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ

ಹಿಂದೆ ಮುಂದೆ ವಾಹನಗಳಿಲ್ಲದ ಒಣ ಬಯಲು ರಸ್ತೆಯಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಕಾಲಿನಡಿ ದಡದಡ ಎಂದು ಒದ್ದರೆ, ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಚಕ್ರ ಕಚ್ಚಿಕೊಂಡು ಜಾರಿದರೆ, ಟಯರು ರಸ್ತೆಯನ್ನು ಹಿಡಿಯಬಲ್ಲದ್ದಕ್ಕಿಂತ ಹೆಚ್ಚಿನ ಬಲ ಬ್ರೇಕಿನಲ್ಲಿ ಈಗಲೇ ಇದೆ ಎಂದು ಅರ್ಥ. ಅಂಥ ಕಾರಿಗೆ ಎಷ್ಟೇ ಬೆಲೆಯ ಪ್ಯಾಡ್ (ಡಿಸ್ಕನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ತುಂಡು) ಹಾಕಿದರೂ ಆ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ. ಅದನ್ನು ಕಡಿಮೆ ಮಾಡುವುದು ಟಯರು ಮಾತ್ರ. ನಮ್ಮಲ್ಲಿ ಕಾರಿನ ಟಯರಿಗೆ ಕಾನೂನು ಹೇಳುವ ಕನಿಷ್ಠ ಟ್ರೆಡ್ ಆಳ, ಅಂದರೆ ಟಯರಿನ ಮೇಲಿನ ಗೀರುಗಳ ಆಳ, 1.6 ಮಿಲಿಮೀಟರ್. ಮಲೆನಾಡಿನ ಮಳೆಗೆ ಅದು ಸಾಲದೆಂಬುದು ನನ್ನ ಅಭಿಪ್ರಾಯ. 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಒಳ್ಳೆಯದು. ಟಯರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಚೆನ್ನಾಗಿದ್ದರೂ ವಯಸ್ಸಾದ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಬಯಲಿನಲ್ಲಿ ಚೆನ್ನಾಗಿದ್ದು ಘಟ್ಟದಲ್ಲಿ ಮಾತ್ರ ತೊಂದರೆ ಕೊಡುವ ಬ್ರೇಕಿನಲ್ಲಿ ಎರಡು ಬಗೆಯ ಲಕ್ಷಣಗಳಿವೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲಲು ಹಿಂಜರಿಯುತ್ತಿದ್ದು, ಸುಟ್ಟ ವಾಸನೆ ಬಂದರೆ ಪ್ಯಾಡ್ ತನ್ನ ಮಿತಿ ಮೀರಿ ಕಾದಿದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆಗಳಾಗಿವೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಆವಿ ಸಂಕುಚಿತವಾಗುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದು ಚಕ್ರಕ್ಕೆ ತಲುಪುವುದಿಲ್ಲ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ: ಬ್ರೇಕ್ ಆಯಿಲ್

ಕೆಲವು ನೂರು ರೂಪಾಯಿಗಳಲ್ಲಿ ಆಗುವ ಈ ಕೆಲಸವನ್ನು ನಮ್ಮ ಕಡೆ ಎಲ್ಲರೂ ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸಿನ ಮೂಲಕವೂ ಆಯಿಲ್ ತುಂಬಿರುವ ಡಬ್ಬಿಯ ಮುಚ್ಚಳದ ಮೂಲಕವೂ ತೇವ ನಿಧಾನವಾಗಿ ಒಳಸೇರುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಮಳೆ ಹಿಡಿಯುವ ಮೂಡಿಗೆರೆ, ಸಕಲೇಶಪುರದ ಸೀಮೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಎರಡು ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಹೊಸ ಡಾಟ್ 3 ಆಯಿಲು ನೀರು ಹೀರಿದ ಹಳೆಯ ಡಾಟ್ 4ಕ್ಕಿಂತ ಎಷ್ಟೋ ಮೇಲು ಎಂಬುದು ಈ ಅಂಕಿಗಳಿಂದಲೇ ಗೊತ್ತಾಗುತ್ತದೆ.

ಮಾಸ್ಟರ್ ಸಿಲಿಂಡರಿನ ಮೇಲಿರುವ ಡಬ್ಬಿಯ ಮುಚ್ಚಳದಲ್ಲಿ ಯಾವ ದರ್ಜೆ ಬೇಕೆಂದು ಅಚ್ಚಾಗಿರುತ್ತದೆ. ಡಾಟ್ 3 ಎಂದಿರುವ ಕಾರಿಗೆ ಡಾಟ್ 4 ಹಾಕಬಹುದು. ಘಟ್ಟದ ಓಡಾಟ ಹೆಚ್ಚಿರುವವರು ಹಾಗೆ ಮಾಡುವುದೇ ಸರಿ. ಆದರೆ ಡಾಟ್ 5 ಎಂಬುದು ಸಿಲಿಕೋನ್ ಮೂಲದ ಬೇರೆಯೇ ದ್ರವ, ಅದನ್ನು ಇವುಗಳೊಂದಿಗೆ ಬೆರೆಸಲೇಬಾರದು. ಹೆಸರು ಹತ್ತಿರವಿದೆಯೆಂದು 5.1 ಮತ್ತು 5ನ್ನು ಒಂದೇ ಎಂದುಕೊಳ್ಳುವವರು ಅಂಗಡಿಗಳಲ್ಲಿಯೂ ಇದ್ದಾರೆ. ಡಬ್ಬಿಯಲ್ಲಿರುವ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲು ಬೇರೆ ಪರೀಕ್ಷೆ ಬೇಡ. ತಿಳಿಯಾಗಿದ್ದರೂ ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬದಲಿಸಿಬಿಡಿ.

ಗ್ಯಾರೇಜಿನಲ್ಲಿ ‘ಟಾಪ್ ಅಪ್ ಮಾಡಿದ್ದೇವೆ’ ಎಂದರೆ ಒಪ್ಪಬೇಡಿ. ಮೇಲಿನ ಡಬ್ಬಿಗೆ ಹೊಸದನ್ನು ಸುರಿದರೆ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಬಳಿ ಬಿಸಿಯಾಗುವ ಹಳೆಯ ಆಯಿಲ್ ಅಲ್ಲಿಯೇ ಉಳಿಯುತ್ತದೆ. ನಾಲ್ಕೂ ಚಕ್ರಗಳ ಬಳಿ ಆಯಿಲ್ ಹೊರಬಿಡಲೆಂದೇ ಇರುವ ನಿಪ್ಪಲ್ ಬಿಚ್ಚಿ, ಕಾರಿನ ಕೈಪಿಡಿ ಹೇಳುವ ಕ್ರಮದಲ್ಲಿ, ತಿಳಿ ಆಯಿಲ್ ಬರುವವರೆಗೂ ಹಳೆಯದನ್ನು ಹೊರಗೆ ಬಿಡಬೇಕು. ಕೆಲಸದ ನಡುವೆ ಡಬ್ಬಿ ಖಾಲಿಯಾಗಿ ಗಾಳಿ ಹೊಕ್ಕರೆ, ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಆ ಗಾಳಿಯನ್ನು ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ಸೀಲ್ ಒಡೆಯದ ಹೊಸ ಆಯಿಲಿನ ಡಬ್ಬಿಯನ್ನು ನಿಮ್ಮ ಎದುರಿನಲ್ಲಿಯೇ ತೆರೆಯಲು ಹೇಳಿ. ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ಆಯಿಲ್ ಮಟ್ಟ ತಾನಾಗಿ ಇಳಿಯುತ್ತಿದ್ದರೆ ಒಂದೋ ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಪ್ಯಾಡ್ ಸವೆದಿದೆ. ಸುಮ್ಮನೆ ತುಂಬಿಸುತ್ತಾ ಹೋದರೆ ಆ ಎಚ್ಚರಿಕೆಯೂ ಕಾಣದೆ ಹೋಗುತ್ತದೆ.

ಇರುವುದನ್ನು ಸರಿ ಮಾಡಿಸಿ

ಸಣ್ಣ ಕಾರುಗಳ ಮುಂದಿನ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ಎಳೆಯಬೇಕು. ತೋಟದ ರಸ್ತೆಯ ಕೆಂಪು ಕೆಸರು, ಮಳೆನೀರು ಒಳಹೊಕ್ಕು ಈ ಪಿನ್ ತುಕ್ಕು ಹಿಡಿದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ, ಬೇಗ ಸವೆಯುತ್ತದೆ, ಬೇಗ ಕಾಯುತ್ತದೆ. ಚಕ್ರದ ಸಂದಿಯಿಂದ ಇಣುಕಿದಾಗ ಕಾಣುವುದು ಸಾಮಾನ್ಯವಾಗಿ ಹೊರಗಿನ ಪ್ಯಾಡ್, ಅದು ದಪ್ಪಗಿರುತ್ತದೆ. ‘ಪ್ಯಾಡ್ ಇನ್ನೂ ಇದೆ’ ಎಂಬ ತಪ್ಪು ಸಮಾಧಾನ ಹುಟ್ಟುವುದು ಇಲ್ಲಿಯೇ. ಆದ್ದರಿಂದ ‘ಅಣ್ಣಾ, ಎರಡೂ ಪ್ಯಾಡ್ ಬಿಚ್ಚಿ ಪಕ್ಕಪಕ್ಕ ಇಟ್ಟು ತೋರಿಸಿ’ ಎಂದು ಮೆಕ್ಯಾನಿಕ್‌ರನ್ನು ಕೇಳಿ. ದಪ್ಪದಲ್ಲಿ ವ್ಯತ್ಯಾಸವಿದ್ದರೆ ಪಿನ್ ತೆಗೆದು, ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು; ಮಾಮೂಲಿ ಗ್ರೀಸ್ ಹಾಕಿದರೆ ಅಲ್ಲಿನ ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ.

ಹಿಂದಿನ ಡ್ರಮ್ಮುಗಳನ್ನೂ ಬಿಚ್ಚಿಸಿ. ಹ್ಯಾಂಡ್ ಬ್ರೇಕ್ ಮೊದಲಿಗಿಂತ ತುಂಬಾ ಮೇಲಕ್ಕೆ ಬರುತ್ತಿದ್ದರೆ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಸವೆದಿರುತ್ತದೆ ಅಥವಾ ತಾನಾಗಿ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದಿರುತ್ತದೆ. ಹಿಂದಿನದು ದುಡಿಯದಿದ್ದರೆ ಅದರ ಭಾರವೂ ಮುಂದಿನ ಪ್ಯಾಡಿನ ಮೇಲೆ ಬೀಳುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿದಾಗ ಒದ್ದೆ ಕಂಡರೆ ಸಿಲಿಂಡರನ್ನೇ ಬದಲಿಸಿ. ಡ್ರಮ್ಮಿನ ದೂಳನ್ನು ಏರ್ ಗನ್ನಿನಿಂದ ಊದಿಸಬೇಡಿ. ಅದು ಶ್ವಾಸಕೋಶಕ್ಕೆ ಹಾನಿಕರ, ಕೆಲಸ ಮಾಡುವ ಹುಡುಗನಿಗೂ ನಿಮಗೂ. ಬ್ರೇಕ್ ಕ್ಲೀನರ್ ಹೊಡೆದು ಒರೆಸುವುದೇ ಸರಿಯಾದ ಕ್ರಮ. ರಬ್ಬರ್ ಹೋಸ್ ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ. ಸ್ಟೀಲ್ ಹೆಣಿಗೆಯ ಹೋಸ್ ಪೆಡಲನ್ನು ಸ್ವಲ್ಪ ಗಟ್ಟಿ ಮಾಡುತ್ತದೆ, ಆದರೆ ಬಿಸಿಯ ತೊಂದರೆಗೆ ಅದು ಮದ್ದಲ್ಲ.

ಪ್ಯಾಡಿನ ಆಯ್ಕೆ

ಇಷ್ಟೆಲ್ಲ ಆದ ಮೇಲೆ ಪ್ಯಾಡ್. ಸವೆದು 3 ಮಿಲಿಮೀಟರಿಗೆ ಬಂದದ್ದನ್ನು ಹೇಗೂ ಬದಲಿಸಬೇಕು. ಅದೇ ಸಮಯಕ್ಕೆ ಉತ್ತಮ ದರ್ಜೆಯದನ್ನು ಹಾಕಿದರೆ ಹೆಚ್ಚುವರಿ ಖರ್ಚು ಕಡಿಮೆ. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತದೆ, ಪೇಟೆಯ ಓಡಾಟಕ್ಕೆ ಸಾಕು, ಆದರೆ ಬಿಸಿಗೆ ಬೇಗ ಸೋಲುತ್ತದೆ. ಲೋಹದ ಎಳೆಗಳಿರುವ ಸೆಮಿ-ಮೆಟಾಲಿಕ್ ಪ್ಯಾಡ್ ಹೆಚ್ಚು ಬಿಸಿ ತಾಳುತ್ತದೆ. ಸ್ವಲ್ಪ ಕಿರುಗುಟ್ಟಬಹುದು, ಡಿಸ್ಕನ್ನು ತುಸು ಹೆಚ್ಚು ಸವೆಸಬಹುದು. ಸೆರಾಮಿಕ್ ಪ್ಯಾಡ್ ದೂಳು, ಸದ್ದು ಎರಡರಲ್ಲಿಯೂ ಕಡಿಮೆ, ಬೆಲೆಯಲ್ಲಿ ಹೆಚ್ಚು. ವಾರಕ್ಕೊಮ್ಮೆಯಾದರೂ ಘಟ್ಟ ಹತ್ತಿಳಿಯುವವರಿಗೆ ಒಳ್ಳೆಯ ಸೆಮಿ-ಮೆಟಾಲಿಕ್ ಪ್ಯಾಡನ್ನೇ ನಾನು ಸೂಚಿಸುತ್ತೇನೆ. ರೇಸ್ ಕಾರಿನ ಪ್ಯಾಡ್ ಮಾತ್ರ ಬೇಡ: ಅದು ಕಾದ ಮೇಲೆಯೇ ಹಿಡಿಯುವಂಥದ್ದು, ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟ ಮೊದಲ ತಿರುವಿನಲ್ಲಿಯೇ ಕೈಕೊಡುತ್ತದೆ.

ಅನೇಕ ಪ್ಯಾಡುಗಳ ಅಂಚಿನಲ್ಲಿ ಅಥವಾ ಬೆನ್ನಿನ ತಗಡಿನ ಮೇಲೆ ಉದ್ದನೆಯ ಸಂಕೇತವೊಂದರ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚಿನ ಬಿಸಿಯಲ್ಲಿ ಆ ಪ್ಯಾಡಿನ ಘರ್ಷಣೆ ಎಷ್ಟೆಂದು ಹೇಳುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಎಫ್‌ಇ’ ಎಂದಿರುವ ಪ್ಯಾಡ್ ಕಾದಾಗ ತನ್ನ ಹಿಡಿತ ಕಳೆದುಕೊಳ್ಳುತ್ತದೆಂದು ತಯಾರಕರೇ ಬರೆದಂತಾಯಿತು. ನಮ್ಮ ರಸ್ತೆಗಳಿಗೆ ‘ಎಫ್‌ಎಫ್’ ಅಥವಾ ಅದಕ್ಕಿಂತ ಮೇಲಿನದು ಇರಲಿ. ಪೊಟ್ಟಣದ ಮೇಲಿನ ಬಣ್ಣದ ಚಿತ್ರಕ್ಕಿಂತ ಈ ಎರಡು ಅಕ್ಷರಗಳು ಹೆಚ್ಚು ಹೇಳುತ್ತವೆ.

ಕಾರಿನ ಕಂಪನಿಯ ಅಸಲಿ ಪ್ಯಾಡ್ ಅಥವಾ ಬಾಷ್, ಬ್ರೆಂಬೊ, ರಾಣೆಯಂಥ ಹೆಸರಾಂತ ತಯಾರಕರದ್ದನ್ನು ಬಿಲ್ ಸಹಿತ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೂ ಹಾಸನದಲ್ಲಿಯೇ ಕೊಂಡರೂ ಸೀಲ್, ಬೆಲೆಚೀಟಿ, ಅಚ್ಚಿನ ಸ್ಪಷ್ಟತೆ ನೋಡಿ. ಅರ್ಧ ಬೆಲೆಗೆ ಸಿಗುವ ‘ಅದೇ ಕಂಪನಿ’ಯ ಪ್ಯಾಡ್ ನಕಲಿಯಾಗಿರುವ ಸಂಭವವೇ ಹೆಚ್ಚು. ಪ್ಯಾಡನ್ನು ಎಡ-ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಡಿಸ್ಕ್, ಮತ್ತು ಬಿಟ್ಟುಬಿಡಬಹುದಾದ ಖರ್ಚುಗಳು

ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕಿನ ಮೇಲ್ಮೈಯನ್ನು ತೆಳುವಾಗಿ ಹೆರೆದು ಸಮ ಮಾಡುವ ಸ್ಕಿಮ್ಮಿಂಗ್ ಮಾಡಿಸಬಹುದು, ಆದರೆ ಮಾಡಿದ ಮೇಲೂ ದಪ್ಪ ಆ ಮಿತಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಹೊಸ ಜೋಡಿ ಹಾಕಿಸಿ; ತೆಳುವಾದ ಡಿಸ್ಕಿಗೆ ಬಿಸಿ ಹಿಡಿದಿಡುವ ಶಕ್ತಿ ಇರುವುದಿಲ್ಲ. ತೂತು ಕೊರೆದ ಡಿಸ್ಕ್ ನೋಡಲು ಚೆನ್ನ, ಆದರೆ ಮತ್ತೆ ಮತ್ತೆ ಕಾದು ತಣಿಯುವಾಗ ತೂತಿನ ಅಂಚಿನಿಂದ ಬಿರುಕು ಬಿಡುವುದುಂಟು. ಸಣ್ಣ ಕಾರಿಗೆ ಸಾದಾ ಡಿಸ್ಕೇ ಸಾಕು.

ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವ, ಬೇರೆ ಕಾರಿನ ದೊಡ್ಡ ಕ್ಯಾಲಿಪರ್ ಕೂರಿಸುವ ಯೋಚನೆ ಬೇಡ. ಮುಂದೆ ಹಿಂದೆ ಬ್ರೇಕ್ ಬಲವನ್ನು ಹಂಚುವ ಲೆಕ್ಕ ಅದರಿಂದ ಕೆಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಕಚ್ಚಿದರೆ ಕಾರು ತಿರುಗಿಬಿಡುತ್ತದೆ. ತಯಾರಕರ ಮೂಲ ವಿವರಣೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿಯಾಗಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು ಬರಬಹುದು.

ಹೊಸ ಪ್ಯಾಡನ್ನು ಪಳಗಿಸುವುದು

ಹೊಸ ಪ್ಯಾಡ್ ಹಾಕಿಸಿದ ದಿನವೇ ಘಟ್ಟಕ್ಕೆ ಹೋಗಬಾರದು. ಗ್ಯಾರೇಜಿನಿಂದ ಹೊರಡುವ ಮುನ್ನ ನಿಂತ ಕಾರಿನಲ್ಲಿ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಚಿಕ್ಕಮಗಳೂರಿನವರಾದರೆ ಕಡೂರಿನ ಕಡೆ, ಹಾಸನದವರಾದರೆ ಅರಸೀಕೆರೆಯ ಕಡೆ, ವಾಹನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಬಯಲು ರಸ್ತೆಗೆ ಹೋಗಿ. ಗಂಟೆಗೆ 60 ಕಿ.ಮೀ. ವೇಗದಿಂದ 15ರವರೆಗೆ ಹದವಾಗಿ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ; ನಡುವೆ ಸ್ವಲ್ಪ ಬಿಡುವು ಕೊಟ್ಟು ಎಂಟು ಹತ್ತು ಬಾರಿ ಹೀಗೆ ಮಾಡಿ. ಕೊನೆಗೆ ಕೆಲವು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಡಿ. ಬಿಸಿ ಇರುವಾಗ ಕಾರು ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಪದಾರ್ಥ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ ಆಮೇಲೆ ನಡುಕ ಬರುತ್ತದೆ.

ಘಟ್ಟಕ್ಕೆ ಹೋದಾಗ ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯಿರಿ. ಎರಡನೆಯ ಗೇರಿನಲ್ಲಿ ಎಂಜಿನ್ ತಾನೇ ಹಿಡಿದಷ್ಟು ಭಾರ ಪ್ಯಾಡಿನಿಂದ ಕಳೆಯುತ್ತದೆ. ತಾನಾಗಿ ಗೇರ್ ಬದಲಿಸುವ ಎಎಂಟಿ ಕಾರಿದ್ದವರು ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಲಿ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಆ ನೆರವು ಪೂರ್ತಿ ತಪ್ಪುತ್ತದೆ, ಇಂಧನ ಉಳಿಸಲೆಂದು ಎಂಜಿನ್ನನ್ನೇ ಆರಿಸಿದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರಿನ ಸಹಾಯವೂ ಒಂದೆರಡು ಒತ್ತಿಗೆ ಮುಗಿಯುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಬದಲು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ವಾಸನೆ ಬಂದರೆ ಸುರಕ್ಷಿತವಾದ ಅಗಲ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ತಣಿಯಲು ಬಿಡಿ. ಕಾದ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಅದು ಸೊಟ್ಟಗಾಗಬಹುದು. ಮೊದಲ ಘಟ್ಟದ ಪ್ರಯಾಣ ಮುಗಿಸಿ ಬಂದ ಮೇಲೆ ಡಬ್ಬಿಯ ಆಯಿಲ್ ಮಟ್ಟ, ನಿಪ್ಪಲ್‌ಗಳ ಸುತ್ತ ಒದ್ದೆ, ಚಕ್ರದ ನಟ್ಟುಗಳ ಬಿಗಿ ಇವಿಷ್ಟನ್ನು ಒಮ್ಮೆ ನೋಡಿಸಿ.